ನಿರಾಶ್ರಿತರಿಗೆ ಅಮೆರಿಕದ ಪೌರತ್ವ: ಗ್ರೀನ್ ಕಾರ್ಡ್ ಬೇಕೇ, ಐದು ವರ್ಷ ಯಾವತ್ತಿನಿಂದ ಎಣಿಸಬೇಕು?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೌದು, ಬೇಕು. ನಿರಾಶ್ರಿತರಾಗಿ ಅಮೆರಿಕಕ್ಕೆ ಬಂದವರು ಗ್ರೀನ್ ಕಾರ್ಡ್, ಅಂದರೆ ಕಾಯಂ ನಿವಾಸಿಯ ಕಾರ್ಡು, ಆಗದೆ ನೇರವಾಗಿ ಪೌರತ್ವಕ್ಕೆ ಅರ್ಜಿ ಹಾಕುವ ಹಾಗಿಲ್ಲ. ಆದರೆ ಕಾರ್ಡು ಕೈಗೆ ಬಂದ ದಿನದಿಂದ ಐದು ವರ್ಷ ಕಾಯಬೇಕು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಿರಾಶ್ರಿತರಿಗೆ ಲೆಕ್ಕ ಬೇರೆ. ಆ ಲೆಕ್ಕ ಗೊತ್ತಿಲ್ಲದೆ ಒಂದೆರಡು ವರ್ಷ ಸುಮ್ಮನೆ ಕಳೆದುಕೊಂಡವರು ನನ್ನ ಎದುರಿನ ಕುರ್ಚಿಯಲ್ಲೇ ಕೂತಿದ್ದಾರೆ.

ನಾನಿರುವುದು ಒಹಾಯೊದ ಕೊಲಂಬಸ್‌ನಲ್ಲಿ. ಭೂತಾನ್ ಬಿಟ್ಟು ಓಡಿಬಂದು ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ಶಿಬಿರಗಳಲ್ಲಿ ಹದಿನೈದು ಇಪ್ಪತ್ತು ವರ್ಷ ಬಿದಿರ ಗುಡಿಸಲಲ್ಲಿ ಕಳೆದ ನೇಪಾಳಿ ಮಾತಿನ ಜನರನ್ನು 2008ರಿಂದ ಅಮೆರಿಕ ಕರೆಸಿಕೊಳ್ಳತೊಡಗಿತು. 90 ಸಾವಿರಕ್ಕೂ ಹೆಚ್ಚು ಮಂದಿ ಬಂದರು, ಅವರಲ್ಲಿ ಬಹಳ ಜನ ನಮ್ಮ ಊರಲ್ಲೇ ನೆಲೆ ನಿಂತರು. ಶನಿವಾರ ಬೆಳಗ್ಗೆ ಲೈಬ್ರರಿಯ ಒಂದು ಕೋಣೆಯಲ್ಲಿ ಅವರಿಗೆ ಪೌರತ್ವ ಪರೀಕ್ಷೆಯ ಪಾಠ ನಡೆಯುತ್ತದೆ. ನನಗೆ ಹಿಂದಿ ಬರುತ್ತದೆ, ಅವರಿಗೆ ಹಿಂದಿ ತಿಳಿಯುತ್ತದೆ. ಅಷ್ಟೇ ನನ್ನ ಅರ್ಹತೆ. ವಕೀಲನಲ್ಲ. ಇದರಲ್ಲಿ ಒಂದು ತಮಾಷೆಯೂ ಇದೆ: ನನ್ನದೇ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡಿಗೆ ಒಂದು ದೇಶದವರಿಗೆ ಶೇ 7ರ ಮಿತಿ, ಭಾರತೀಯರ ಸರದಿ ಸಾಲು ಹನುಮಂತನ ಬಾಲ. ನಿರಾಶ್ರಿತರಿಗೆ ಆ ಮಿತಿ ಇಲ್ಲ. ನಾನು ಪಾಠ ಹೇಳಿದವರು ವೋಟು ಹಾಕಿ ಬಂದು ಅಂಗಿಯ ಮೇಲಿನ ಸ್ಟಿಕ್ಕರ್ ತೋರಿಸುತ್ತಾರೆ, ನಾನು ಚಪ್ಪಾಳೆ ತಟ್ಟುತ್ತೇನೆ.

ಮೊದಲು, ನಿಮ್ಮ ಕೈಲಿರುವ ಕಾಗದ ಯಾವುದು?

ಮಾತಿನಲ್ಲಿ ಎಲ್ಲರನ್ನೂ ನಿರಾಶ್ರಿತರು ಅಂದುಬಿಡುತ್ತೇವೆ. ಕಾನೂನಿನ ಪ್ರಕಾರ ಎರಡು ಗುಂಪು. ಹೊರದೇಶದಲ್ಲಿದ್ದಾಗಲೇ ಅಮೆರಿಕ ಸರ್ಕಾರ ವಿಚಾರಣೆ ಮಾಡಿ, ಒಪ್ಪಿ, ವಿಮಾನ ಹತ್ತಿಸಿ ಕರೆತಂದವರು ರೆಫ್ಯೂಜಿ. ಹೇಗೋ ಇಲ್ಲಿಗೆ ಬಂದು, ಇಲ್ಲಿಂದಲೇ ಆಶ್ರಯ ಕೇಳಿ ಪಡೆದವರು ಅಸೈಲಿ. ಇಬ್ಬರಿಗೂ ಗ್ರೀನ್ ಕಾರ್ಡಿನ ದಾರಿ ಇದೆ, ಇಬ್ಬರೂ ಪೌರರಾಗಬಹುದು. ಐದು ವರ್ಷದ ಗಡಿಯಾರ ಶುರುವಾಗುವ ದಿನ ಮಾತ್ರ ಬೇರೆ ಬೇರೆ. ನಿಮ್ಮ ಐ-94 ಕಾಗದ (ದೇಶದೊಳಗೆ ಬಂದಾಗ ಕೊಡುವ ಪ್ರವೇಶ ದಾಖಲೆ) ಅಥವಾ ಆಶ್ರಯ ಮಂಜೂರಾದ ಪತ್ರ ತೆಗೆದು ನೋಡಿದರೆ ನೀವು ಯಾರು ಅಂತ ಗೊತ್ತಾಗುತ್ತದೆ.

ಇನ್ನೂ ಕೆಲವರು ತಾವೂ ನಿರಾಶ್ರಿತರೇ ಅಂದುಕೊಂಡಿರುತ್ತಾರೆ, ಆದರೆ ಕಾಗದ ಹಾಗೆ ಹೇಳುವುದಿಲ್ಲ. ಟಿಪಿಎಸ್ ಎಂಬ ತಾತ್ಕಾಲಿಕ ರಕ್ಷಣೆ ಇರುವವರು, ಪೆರೋಲ್ ಮೇಲೆ, ಅಂದರೆ ತಾತ್ಕಾಲಿಕ ಪ್ರವೇಶದ ಅನುಮತಿಯ ಮೇಲೆ ಬಂದ ಉಕ್ರೇನಿಯನ್ನರು, ‘ವಿತ್‌ಹೋಲ್ಡಿಂಗ್ ಆಫ್ ರಿಮೂವಲ್’, ಅಂದರೆ ಗಡೀಪಾರಿಗೆ ತಡೆ ಮಾತ್ರ ಸಿಕ್ಕವರು. ಈ ಕಾಗದಗಳು ಸದ್ಯಕ್ಕೆ ಇಲ್ಲಿರಲು ಬಿಡುತ್ತವೆ, ಗ್ರೀನ್ ಕಾರ್ಡಿಗೆ ತಾವಾಗಿ ದಾರಿ ಮಾಡಿಕೊಡುವುದಿಲ್ಲ. ಅಂಥವರು ಬೇರೆ ದಾರಿ ಹುಡುಕಬೇಕು: ಆಶ್ರಯದ ಅರ್ಜಿಯೋ, ಮದುವೆ ಸಂಬಂಧವೋ, ಇನ್ನೊಂದೋ. ಈ ಲೇಖನ ಅವರಿಗಲ್ಲ.

ಎರಡನೆಯದು, ಗ್ರೀನ್ ಕಾರ್ಡಿಗೆ ಅರ್ಜಿ

ಫಾರಂ ಐ-485. ರೆಫ್ಯೂಜಿಯಾಗಿ ಬಂದು ಒಂದು ವರ್ಷ ಇಲ್ಲಿ ಇದ್ದ ಮೇಲೆ ಹಾಕಬೇಕು. ‘ಹಾಕಬಹುದು’ ಅಲ್ಲ, ‘ಹಾಕಬೇಕು’ ಅನ್ನುತ್ತದೆ ಕಾನೂನು. ಹಿಂದೆ ಇದನ್ನು ಯಾರೂ ಅಷ್ಟು ಬಿಗಿಯಾಗಿ ನೋಡುತ್ತಿರಲಿಲ್ಲ, ಈಗ ಕಾಲ ಹಾಗಿಲ್ಲ. ರೆಫ್ಯೂಜಿಗೆ ಈ ಅರ್ಜಿಗೆ ಶುಲ್ಕವಿಲ್ಲ. ಅಸೈಲಿಗೆ 1,440 ಡಾಲರ್, ಕೊಡಲಾಗದವರು ಐ-912 ಎಂಬ ಫಾರಂ ತುಂಬಿ ಮನ್ನಾ ಕೇಳಬಹುದು. ಸರ್ಕಾರದ ನೆರವು ತಿಂದಿದ್ದೀರಿ ಅನ್ನುವ ಕಾರಣಕ್ಕೆ ಈ ಎರಡೂ ಗುಂಪಿನವರಿಗೆ ಗ್ರೀನ್ ಕಾರ್ಡ್ ನಿರಾಕರಿಸುವ ಹಾಗಿಲ್ಲ. ಆ ಹೆದರಿಕೆಗೆ ಫುಡ್ ಸ್ಟಾಂಪ್ (ಸರ್ಕಾರ ಕೊಡುವ ಆಹಾರದ ನೆರವು) ಬಿಟ್ಟು ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟ ಒಂದು ಮನೆ ನನಗೆ ಗೊತ್ತು, ಅದಕ್ಕೇ ಹೇಳಿದೆ.

ಈ ಹಂತದಲ್ಲೇ ಹೆಸರು, ಹುಟ್ಟಿದ ದಿನ ಸರಿಯಿದೆಯಾ ನೋಡಿಕೊಳ್ಳಿ. ನನ್ನ ತರಗತಿಯಲ್ಲಿ ಅರ್ಧಕ್ಕರ್ಧ ಜನರ ಹುಟ್ಟುಹಬ್ಬ ಜನವರಿ 1. ಶಿಬಿರದಲ್ಲಿ ಹೆಸರು ಬರೆದುಕೊಂಡವರಿಗೆ ಇಸವಿ ಮಾತ್ರ ಸಿಕ್ಕಿತ್ತು, ದಿನ ತಾವೇ ಹಾಕಿದರು. ನಮ್ಮ ಅಜ್ಜಂದಿರ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಬರೆದ ಹಾಗೆ. ಅದರಿಂದ ತೊಂದರೆಯಿಲ್ಲ. ತೊಂದರೆ ಬರುವುದು ಒಂದು ಕಾಗದದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಇದ್ದಾಗ. ಹಾಗೆಯೇ, ಶಿಬಿರದಲ್ಲಿ ಕೊಟ್ಟ ಕುಟುಂಬದ ವಿವರ. ಚಿಕ್ಕಪ್ಪನ ಮಗಳನ್ನು ಸ್ವಂತ ಮಗಳು ಅಂತ ಬರೆಸಿದ್ದರೆ, ಮದುವೆ ಆಗಿದ್ದನ್ನು ಮುಚ್ಚಿಟ್ಟಿದ್ದರೆ, ಅದು ಪೌರತ್ವದ ಹೊತ್ತಿಗೆ ಎದ್ದು ಬರುತ್ತದೆ. ಗ್ರೀನ್ ಕಾರ್ಡ್ ಮೂಲದಲ್ಲಿ ಸರಿಯಾಗಿ ಸಿಕ್ಕಿತ್ತೇ ಎಂದು ಪೌರತ್ವದ ಅಧಿಕಾರಿ ಮತ್ತೆ ತೆರೆದು ನೋಡಬಹುದು. ಇಂಥದ್ದಿದ್ದರೆ ಮೊದಲು ವಕೀಲರನ್ನು ಕಾಣಿ.

2025ರ ನವೆಂಬರ್‌ನಿಂದ ಇನ್ನೊಂದು ತಲೆನೋವು. 2021ರ ಜನವರಿ 20ರಿಂದ 2025ರ ಫೆಬ್ರುವರಿ 20ರ ನಡುವೆ ಬಂದ ರೆಫ್ಯೂಜಿಗಳ ಕಡತಗಳನ್ನು ಮರುಪರಿಶೀಲಿಸಿ, ಬಾಕಿ ಇರುವ ಗ್ರೀನ್ ಕಾರ್ಡ್ ಅರ್ಜಿಗಳನ್ನು ತಡೆಹಿಡಿಯಿರಿ ಎಂದು ವಲಸೆ ಇಲಾಖೆ ಆದೇಶ ಮಾಡಿತು. ಡಿಸೆಂಬರ್‌ನಲ್ಲಿ ಪ್ರಯಾಣ ನಿರ್ಬಂಧದ ಪಟ್ಟಿಯಲ್ಲಿದ್ದ 19 ದೇಶಗಳವರ ಅರ್ಜಿಗಳಿಗೆ ತಡೆ ಬಿತ್ತು, ಪೌರತ್ವದ ಅರ್ಜಿಗಳೂ ಸೇರಿ. ಸೊಮಾಲಿಯ, ಬರ್ಮಾ, ಅಫ್ಘಾನಿಸ್ತಾನ ಆ ಪಟ್ಟಿಯಲ್ಲಿವೆ. ಇದು ಕೋರ್ಟು ಕಚೇರಿಗಳಲ್ಲಿ ಎಳೆದಾಡುವ ವಿಷಯ, ಇವತ್ತು ಒಂದು ನಾಳೆ ಒಂದು. ಅರ್ಜಿ ಹಾಕುವ ವಾರದಲ್ಲಿ ಇಲಾಖೆಯ ವೆಬ್‌ಸೈಟ್ ನೋಡಿಯೇ ಹಾಕಿ.

ಕಾರ್ಡಿನ ಮೇಲಿನ ಒಂದು ಸಾಲು

ಈಗ ಮುಖ್ಯ ವಿಷಯ. ಕಾರ್ಡು ತೆಗೆದು ಮುಂದಿಟ್ಟುಕೊಳ್ಳಿ. ಫೋಟೋ ಇರುವ ಕಡೆಯಲ್ಲಿ ‘ರೆಸಿಡೆಂಟ್ ಸಿನ್ಸ್’ ಎಂದು ಒಂದು ತಾರೀಖು ಇರುತ್ತದೆ. ನಿಮ್ಮ ಐದು ವರ್ಷ ಶುರುವಾಗುವುದು ಆ ತಾರೀಖಿನಿಂದ. ಕಾರ್ಡು ಪೋಸ್ಟಿನಲ್ಲಿ ಬಂದ ದಿನ, ಅರ್ಜಿ ಒಪ್ಪಿದ ದಿನ, ಯಾವುದೂ ಲೆಕ್ಕಕ್ಕಿಲ್ಲ.

ನಮ್ಮ ತರಗತಿಗೆ ಬರುತ್ತಿದ್ದ ಒಬ್ಬ ಗೋದಾಮು ಕೆಲಸಗಾರರ ಕಾರ್ಡಿನಲ್ಲಿ ಹೀಗಿತ್ತು: 03/10/17. ನಾನು ಕರ್ನಾಟಕದ ಕಣ್ಣಿನಲ್ಲಿ ಓದಿ 2017ರ ಅಕ್ಟೋಬರ್ 3 ಅಂದೆ. ಅವರೂ ತಲೆಯಾಡಿಸಿದರು. ಲೆಕ್ಕ ಹಾಕಿ ಇನ್ನೂ ಏಳು ತಿಂಗಳು ಕಾಯಿರಿ ಅಂತ ಕಳಿಸಿದೆ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ; ಅದು ಮಾರ್ಚ್ 10. ಇಷ್ಟು ವರ್ಷ ಇಲ್ಲಿದ್ದೂ ಮಾಡಿದ ತಪ್ಪು. ಅವರ ಮಗ ನೋಡಿ ಹೇಳಿದ ಮೇಲೆ ಮುಂದಿನ ಶನಿವಾರ ನಾನೇ ಹೋಗಿ, ‘ದಾಯಿ, ತಪ್ಪಾಯಿತು’ ಅಂದೆ. ನೇಪಾಳಿಯಲ್ಲಿ ಅಣ್ಣನಿಗೆ ಹಾಗೆ ಕರೆಯುತ್ತಾರೆ.

ಆ ದಾಯಿಯ ಉದಾಹರಣೆಯಲ್ಲೇ ಲೆಕ್ಕ ನೋಡಿ. ವಿಮಾನ ಇಳಿದದ್ದು 2017ರ ಮಾರ್ಚ್ 10. ಗ್ರೀನ್ ಕಾರ್ಡಿಗೆ ಅರ್ಜಿ 2018ರ ಏಪ್ರಿಲ್. ಕಾರ್ಡು ಕೈಗೆ ಬಂದದ್ದು 2019ರ ಜನವರಿ. ಆದರೆ ಕಾರ್ಡಿನ ಮೇಲೆ 2017ರ ಮಾರ್ಚ್ 10 ಎಂದೇ ಇದೆ. ಅದು ಮುದ್ರಣದೋಷವಲ್ಲ. ರೆಫ್ಯೂಜಿಯನ್ನು ಕಾಯಂ ನಿವಾಸಿ ಎಂದು ಒಪ್ಪಿದಾಗ, ಅವರು ಈ ನೆಲಕ್ಕೆ ಕಾಲಿಟ್ಟ ದಿನದಿಂದಲೇ ಕಾಯಂ ನಿವಾಸಿ ಆಗಿದ್ದರು ಎಂದು ಕಾನೂನು ದಾಖಲಿಸುತ್ತದೆ. ಹಾಗಾಗಿ ಐದು ವರ್ಷ ತುಂಬಿದ್ದು 2022ರ ಮಾರ್ಚ್ 10ಕ್ಕೆ. ಅದಕ್ಕೂ 90 ದಿನ ಮೊದಲೇ ಅರ್ಜಿ ಹಾಕಲು ಅವಕಾಶವಿದೆ, ಅಂದರೆ 2021ರ ಡಿಸೆಂಬರ್ 10. ಕಾರ್ಡು ಬಂದ ದಿನದಿಂದ ಎಣಿಸಿದ್ದರೆ 2024ರ ಜನವರಿ ತನಕ ಕಾಯುತ್ತಿದ್ದರು. ತೊಂಬತ್ತು ದಿನಕ್ಕಿಂತ ಒಂದು ದಿನ ಮುಂಚೆ ಹಾಕಿದರೂ ತಿರಸ್ಕಾರ, ಶುಲ್ಕವೂ ಹೋಯಿತು. ಬೆರಳಲ್ಲಿ ಎಣಿಸಬೇಡಿ, ಇಲಾಖೆಯ ವೆಬ್‌ಸೈಟಿನಲ್ಲಿ ಲೆಕ್ಕ ಹಾಕುವ ಪುಟವಿದೆ. ಎರಡು ದಿನ ಬಿಟ್ಟೇ ಹಾಕಿ.

ಅದೇ ನಿಯಮದ ಇನ್ನೊಂದು ಮಗ್ಗುಲು: ಯಾರೋ ಒಬ್ಬರು ಆಲಸ್ಯದಿಂದಲೋ ಅಜ್ಞಾನದಿಂದಲೋ ಏಳೆಂಟು ವರ್ಷ ಗ್ರೀನ್ ಕಾರ್ಡಿಗೆ ಅರ್ಜಿಯನ್ನೇ ಹಾಕಿಲ್ಲ ಅಂತಿಟ್ಟುಕೊಳ್ಳಿ. ರೆಫ್ಯೂಜಿಯಾದರೆ, ಕಾರ್ಡು ಬಂದ ಮಾರನೆಯ ದಿನವೇ ಪೌರತ್ವಕ್ಕೆ ಹಾಕಬಹುದು, ಐದು ವರ್ಷ ಹಿಂದೆಯೇ ತುಂಬಿದೆ. ಕಾರ್ಡು ಮಾತ್ರ ಇರಲೇಬೇಕು.

ಅಸೈಲಿಗೆ ಇಷ್ಟು ಧಾರಾಳವಿಲ್ಲ. ಅವರಿಗೆ ಹಿಂದಕ್ಕೆ ಹೋಗುವುದು ಒಂದೇ ವರ್ಷ. ಬೈಲಕುಪ್ಪೆಯಲ್ಲಿ ಹುಟ್ಟಿ ಬೆಳೆದ ಟಿಬೆಟನ್ ಹೆಣ್ಣುಮಗಳೊಬ್ಬಳು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ನರ್ಸ್. ಗೆಳೆಯರ ಮೂಲಕ ನನ್ನ ನಂಬರ್ ಸಿಕ್ಕಿ ಫೋನ್ ಮಾಡಿದಳು. ಕಣ್ಣು ಮುಚ್ಚಿ ಕೇಳಿದರೆ ಕುಶಾಲನಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗೆ, ಅಂಥ ಕನ್ನಡ. ‘ಅಣ್ಣಾ, ನಂಗೆ ಅಸೈಲಮ್ ಆಗಿದ್ದು 2016ರಲ್ಲಿ, ಐದು ವರ್ಷ ಅಲ್ಲಿಂದ ತಾನೆ?’ ಅಲ್ಲ ಕಣಮ್ಮ. ಡಬಲ್ ಡ್ಯೂಟಿಯ ನಡುವೆ ಅವಳು ಗ್ರೀನ್ ಕಾರ್ಡಿನ ಅರ್ಜಿಯನ್ನೇ ತಡಮಾಡಿ, ಅದು ಒಪ್ಪಿಗೆಯಾದದ್ದು 2019ರ ಜೂನ್ 15ಕ್ಕೆ. ಕಾರ್ಡಿನ ಮೇಲೆ 2018ರ ಜೂನ್ 15. ಐದು ವರ್ಷ ತುಂಬುವುದು 2023ರ ಜೂನ್ 15, ಅರ್ಜಿ ಹಾಕಬಹುದಾದ ಮೊದಲ ದಿನ 2023ರ ಮಾರ್ಚ್ 17. ಅಸೈಲಿ ತಡಮಾಡಿದಷ್ಟು ದಿನ ಅವರ ಲೆಕ್ಕದಿಂದಲೇ ಹೋಗುತ್ತದೆ.

‘ನಮ್ಮೂರಲ್ಲಿ ಈ ಮೆಟ್ಟಿಲೇ ಇರ್ಲಿಲ್ಲ ಬಿಡಿ’ ಅಂದಳು. ಸರಿಯಾದ ಮಾತು. ಭಾರತದಲ್ಲಿ ನಿರಾಶ್ರಿತರಿಗೆ ಗ್ರೀನ್ ಕಾರ್ಡಿನಂಥದ್ದು ಇಲ್ಲ. ಬೈಲಕುಪ್ಪೆ, ಮುಂಡಗೋಡದ ಟಿಬೆಟನ್ನರು ವಿದೇಶಿಯರ ನೋಂದಣಿ ಪತ್ರವನ್ನು, ಅವರ ಬಾಯಲ್ಲಿ ಆರ್‌ಸಿಯನ್ನು, ನವೀಕರಿಸುತ್ತ ಬಂದಿದ್ದಾರೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು, ಇದು ಟಿಬೆಟನ್ನರಿಗೂ ಅನ್ವಯ ಎಂದು 2010ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟು ಹೇಳಿತು. ಇವಳು ಹುಟ್ಟಿದ್ದು 1990ರಲ್ಲಿ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದವರಿಗೆ, ಟಿಬೆಟ್ ಅದರಲ್ಲಿಲ್ಲ. ಅಕ್ಕಪಕ್ಕದ ಮನೆಯ ಅಣ್ಣ ಪ್ರಜೆ, ತಂಗಿ ಆರ್‌ಸಿ ಹಿಡಿದವಳು. ಬೇರೆ ಕಡೆಯ ಲೆಕ್ಕವನ್ನೂ ಕೇಳುತ್ತಾರೆ, ಎರಡು ಮಾತಲ್ಲಿ ಹೇಳಿ ಮುಗಿಸುತ್ತೇನೆ. ಕೆನಡಾದಲ್ಲೂ ಪಿಆರ್, ಅಂದರೆ ಕಾಯಂ ನಿವಾಸ, ಕಡ್ಡಾಯ. ಐದು ವರ್ಷದಲ್ಲಿ 1,095 ದಿನ ಅಲ್ಲಿರಬೇಕು, ಪಿಆರ್‌ಗೆ ಮುಂಚೆ ರಕ್ಷಿತ ವ್ಯಕ್ತಿಯಾಗಿ ಕಳೆದ ಪ್ರತಿ ದಿನ ಅರ್ಧ ದಿನವಾಗಿ ಸೇರುತ್ತದೆ, ಹೆಚ್ಚೆಂದರೆ 365 ದಿನ. ಜರ್ಮನಿಯಲ್ಲಿ ಕಾಯಂ ಪರವಾನಗಿಯೇ ಬೇಕಿಲ್ಲ, ನಿರಾಶ್ರಿತರಿಗೆ ಕೊಡುವ ಮಾಮೂಲಿ ವಾಸದ ಪರವಾನಗಿ ಇದ್ದು ಐದು ವರ್ಷ ಆಗಿದ್ದರೆ ಅರ್ಜಿ ಹಾಕಬಹುದು. ಹಾಗಾಗಿ ಹ್ಯಾಂಬರ್ಗ್‌ನ ಅತ್ತಿಗೆ ಹೇಳಿದ್ದನ್ನು ಕೇಳಿ ಕೊಲಂಬಸ್‌ನಲ್ಲಿ ಅರ್ಜಿ ಹಾಕಬೇಡಿ.

ಆ ಐದು ವರ್ಷ ಎಲ್ಲಿದ್ದಿರಿ?

ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಅಮೆರಿಕದ ನೆಲದ ಮೇಲೆ ಇದ್ದಿರಬೇಕು. ಒಂದೇ ಸಲ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಕಾರಣ ಕೇಳುತ್ತಾರೆ, ಒಂದು ವರ್ಷ ದಾಟಿದರೆ ಗಡಿಯಾರ ಹೊಸದಾಗಿ ಶುರು. ಅರ್ಜಿ ಹಾಕುವ ರಾಜ್ಯದಲ್ಲಿ ಮೂರು ತಿಂಗಳು ವಾಸವಿರಬೇಕು. ಮೊದಲು ಬೇರೆ ಊರಿಗೆ ಬಂದು ಆಮೇಲೆ ನೆಂಟರಿದ್ದ ಕಡೆ ಹೋಗುವುದು ನಿರಾಶ್ರಿತರಲ್ಲಿ ಮಾಮೂಲು. ಮನೆ ಬದಲಿಸಿದ 10 ದಿನದಲ್ಲಿ ಇಲಾಖೆಗೆ ತಿಳಿಸಿ, ಇಲ್ಲದಿದ್ದರೆ ಇಂಟರ್‌ವ್ಯೂ ಪತ್ರ ಹಳೆಯ ಮನೆಯ ಡಬ್ಬಿಯಲ್ಲಿ ಬಿದ್ದಿರುತ್ತದೆ.

ಹೊರಗೆ ಹೋಗುವುದಿದ್ದರೆ ರೆಫ್ಯೂಜಿ ಟ್ರಾವೆಲ್ ಡಾಕ್ಯುಮೆಂಟ್ ಮಾಡಿಸಿಕೊಂಡೇ ಹೋಗಿ, ಹೊರಡುವ ಮುಂಚೆಯೇ ಅರ್ಜಿ ಹಾಕಿರಬೇಕು. ಅದರ ಆಯಸ್ಸು ಒಂದು ವರ್ಷ. ಯಾವ ದೇಶಕ್ಕೆ ಹೆದರಿ ಓಡಿಬಂದಿರೋ ಆ ದೇಶಕ್ಕೆ ಹೋಗುವುದು, ಆ ದೇಶದ ಪಾಸ್‌ಪೋರ್ಟ್ ಮಾಡಿಸುವುದು ಅಪಾಯ. ‘ಹಾಗಾದರೆ ಹೆದರಿಕೆ ಎಲ್ಲಿ ಹೋಯಿತು?’ ಎಂದು ಕೇಳುತ್ತಾರೆ, ನ್ಯಾಯವಾಗಿಯೇ ಕೇಳುತ್ತಾರೆ. ಭೂತಾನಿನವರು ಮದುವೆ, ತಿಥಿ ಅಂತ ಝಾಪಾಗೆ ಹೋಗುತ್ತಿರುತ್ತಾರೆ. ಅದು ನೇಪಾಳ, ಆ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ, ಆದರೆ ದಿನಗಳು ಲೆಕ್ಕಕ್ಕೆ ಬರುತ್ತವೆ. ಹೋದ ದಿನ, ಬಂದ ದಿನ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಅರ್ಜಿಗೆ ಮುಂಚೆ ವಕೀಲರನ್ನು ಕಾಣಬೇಕಾದವರು

ಯಾವತ್ತಾದರೂ ಪೊಲೀಸರು ಬೆರಳಚ್ಚು ತೆಗೆದುಕೊಂಡಿದ್ದರೆ, ಕೇಸು ಬಿದ್ದುಹೋಗಿದ್ದರೂ, ವಕೀಲರನ್ನು ಕಾಣದೆ ಪೌರತ್ವಕ್ಕೆ ಅರ್ಜಿ ಹಾಕಬೇಡಿ. ಅರ್ಜಿ ಎಂದರೆ ನಿಮ್ಮ ಕಡತವನ್ನು ನೀವೇ ಹೋಗಿ ತೆರೆಸಿದ ಹಾಗೆ. ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. 2025ರ ಮಾರ್ಚ್‌ನಿಂದ ಹಳೆಯ ಕ್ರಿಮಿನಲ್ ಪ್ರಕರಣಗಳಿದ್ದ ಭೂತಾನಿ ನಿರಾಶ್ರಿತರನ್ನು ಅಮೆರಿಕ ಭೂತಾನಿಗೇ ಕಳಿಸಿತು. ಭೂತಾನ್ ಅವರನ್ನು ಇಟ್ಟುಕೊಳ್ಳದೆ ಭಾರತದ ಗಡಿಯತ್ತ ದಾಟಿಸಿತು. ಕೆಲವರು ಕೊನೆಗೆ ನೇಪಾಳದ ಅದೇ ಹಳೆಯ ಶಿಬಿರಕ್ಕೆ ಬಂದು ಸೇರಿದರು. ಆ ಸುದ್ದಿ ಬಂದ ವಾರ ನಮ್ಮ ತರಗತಿಯಲ್ಲಿ ಕುರ್ಚಿ ಸಾಲಲಿಲ್ಲ.

ಇನ್ನೊಂದು ಗುಂಪು: ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಕೌಂಟರಿನಲ್ಲಿ ಕೇಳಿದ್ದಕ್ಕೆಲ್ಲ ಹೂಂ ಅಂದು ಮತದಾರರ ಪಟ್ಟಿಗೆ ಹೆಸರು ಸೇರಿಬಿಟ್ಟವರು. ಪೌರರಾಗದೆ ವೋಟು ಹಾಕಿದ್ದರೆ ಬಹಳ ದೊಡ್ಡ ಅಡ್ಡಿ. ತೆರಿಗೆ ಬಾಕಿ ಇರುವವರು, 18ರಿಂದ 26ರ ವಯಸ್ಸಿನಲ್ಲಿ ಇಲ್ಲಿದ್ದೂ ಸೆಲೆಕ್ಟಿವ್ ಸರ್ವಿಸ್‌ಗೆ (ಯುದ್ಧ ಬಂದರೆ ಸೈನ್ಯಕ್ಕೆ ಕರೆಯುವ ಪಟ್ಟಿ) ಹೆಸರು ನೋಂದಾಯಿಸದ ಗಂಡಸರು, ಇವರೂ ಒಮ್ಮೆ ಕೇಳಿಯೇ ಮುಂದುವರಿಯಿರಿ. ದುಡ್ಡಿಲ್ಲದಿದ್ದರೆ ಸೇವಾಸಂಸ್ಥೆಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಮಾನ್ಯತೆ ಕೊಟ್ಟ ಪ್ರತಿನಿಧಿಗಳಿರುತ್ತಾರೆ. ಅಂಗಡಿ ಮುಂದೆ ‘ನೋಟರಿ’ ಎಂದು ಬೋರ್ಡು ಹಾಕಿದವರು ವಕೀಲರಲ್ಲ.

ಎನ್-400 ಮತ್ತು ದುಡ್ಡು

ಪೌರತ್ವದ ಅರ್ಜಿ ಎನ್-400. ಆನ್‌ಲೈನ್ ಆದರೆ 710 ಡಾಲರ್, ಕಾಗದದಲ್ಲಾದರೆ 760. ಆದಾಯ ಬಡತನದ ರೇಖೆಯ ನಾಲ್ಕು ಪಟ್ಟಿನೊಳಗೆ ಇದ್ದರೆ 380. ಒಂದೂವರೆ ಪಟ್ಟಿನೊಳಗಿದ್ದರೆ, ಇಲ್ಲವೇ ಮನೆಯಲ್ಲಿ ಮೆಡಿಕೇಡ್, ಫುಡ್ ಸ್ಟಾಂಪ್, ಎಸ್‌ಎಸ್‌ಐ ಇಂಥ ಬಡವರಿಗೆ ಕೊಡುವ ಸರ್ಕಾರಿ ನೆರವು ಬರುತ್ತಿದ್ದರೆ ಪೂರ್ತಿ ಮನ್ನಾ ಕೇಳಬಹುದು. ಕಾಗದದ ಅರ್ಜಿಯ ಜೊತೆ ಚೆಕ್ ಲಗತ್ತಿಸುತ್ತಿದ್ದ ಕಾಲ ಮುಗಿಯಿತು. 2025ರ ಅಕ್ಟೋಬರ್ 28ರ ನಂತರ ಕ್ರೆಡಿಟ್, ಡೆಬಿಟ್ ಕಾರ್ಡಿನಿಂದಲೋ ಬ್ಯಾಂಕ್ ಖಾತೆಯಿಂದ ನೇರವಾಗಿಯೋ ಕಟ್ಟಬೇಕು, ಅದಕ್ಕೆ ಬೇರೆ ಫಾರಂ ಇದೆ.

ವಯಸ್ಸಾದವರಿಗೆ ಒಂದು ತುರ್ತು ಇದೆ. ನಿರಾಶ್ರಿತ ವೃದ್ಧರಿಗೆ, ಅಂಗವಿಕಲರಿಗೆ ಸಿಗುವ ಎಸ್‌ಎಸ್‌ಐ ಹಣ ಸಾಮಾನ್ಯವಾಗಿ ಏಳು ವರ್ಷಕ್ಕೆ ನಿಲ್ಲುತ್ತದೆ, ಅಷ್ಟರಲ್ಲಿ ಪೌರರಾಗಿರದಿದ್ದರೆ. ಐದು ವರ್ಷ ಕಾಯುವುದಕ್ಕೇ ಹೋಗುತ್ತದೆ, ಉಳಿದ ಎರಡು ವರ್ಷದಲ್ಲಿ ಇಂಗ್ಲಿಷ್ ಕಲಿತು, ಅರ್ಜಿ ಹಾಕಿ, ಪರೀಕ್ಷೆ ಪಾಸಾಗಬೇಕು. ಎಪ್ಪತ್ತು ದಾಟಿದ ಅಜ್ಜಿಗೆ ಅದು ಹೇಗಾಗುತ್ತದೆ ನೀವೇ ಹೇಳಿ. ಆದ್ದರಿಂದಲೇ 90 ದಿನದ ಅವಕಾಶವನ್ನು ನಾನು ಇಷ್ಟು ಒತ್ತಿ ಹೇಳುವುದು.

ಇಂಟರ್‌ವ್ಯೂ

ಇಂಗ್ಲಿಷಿನಲ್ಲಿ ಮೂರು ವಾಕ್ಯಗಳಲ್ಲಿ ಒಂದನ್ನು ಓದಬೇಕು, ಮೂರರಲ್ಲಿ ಒಂದನ್ನು ಬರೆಯಬೇಕು. ಇತಿಹಾಸ, ಸರ್ಕಾರದ ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ: 128 ಪ್ರಶ್ನೆಗಳ ಪಟ್ಟಿ, 20 ಕೇಳುತ್ತಾರೆ, 12 ಸರಿಯಾಗಬೇಕು. ಅದಕ್ಕೆ ಮುಂಚೆ ಹಾಕಿದವರಿಗೆ ಹಳೆಯದು, 100ರಲ್ಲಿ 10 ಕೇಳಿ 6 ಸಾಕು. ಒಮ್ಮೆ ಫೇಲಾದರೆ ಇನ್ನೊಂದು ಅವಕಾಶ ಕೊಡುತ್ತಾರೆ, ಫೇಲಾದ ಭಾಗದಲ್ಲಿ ಮಾತ್ರ.

ವಯಸ್ಸಿನ ರಿಯಾಯಿತಿಯಲ್ಲಿ ಮತ್ತೆ ಕಾರ್ಡಿನ ಆ ತಾರೀಖೇ ಕೆಲಸಕ್ಕೆ ಬರುತ್ತದೆ. 50 ವಯಸ್ಸಾಗಿ 20 ವರ್ಷ ಕಾಯಂ ನಿವಾಸಿ, ಅಥವಾ 55 ಆಗಿ 15 ವರ್ಷ ಕಾಯಂ ನಿವಾಸಿ ಆಗಿದ್ದರೆ ಇಂಗ್ಲಿಷ್ ಪರೀಕ್ಷೆಯಿಲ್ಲ, ಉಳಿದದ್ದನ್ನು ದುಭಾಷಿಯ ಜೊತೆ ತಮ್ಮ ಭಾಷೆಯಲ್ಲಿ ಕೊಡಬಹುದು. 65 ಆಗಿ 20 ವರ್ಷವಾಗಿದ್ದರೆ ಓದಬೇಕಾದದ್ದು 20 ಪ್ರಶ್ನೆ ಮಾತ್ರ. 2010ರಲ್ಲಿ 40ರ ವಯಸ್ಸಿನಲ್ಲಿ ಬಂದ ರೆಫ್ಯೂಜಿ 2025ಕ್ಕೆ 55 ಆದರು, 15 ವರ್ಷವೂ ಆಯಿತು, ಕಾರ್ಡು ಎರಡು ವರ್ಷ ತಡವಾಗಿ ಬಂದಿದ್ದರೂ. ಎರಡು ಸಲ ಇಂಗ್ಲಿಷಿನಲ್ಲಿ ಫೇಲಾಗಿ ಕೈಚೆಲ್ಲಿದ ಹಲವರು ಈಗ ಹೀಗೆ ಪಾಸಾಗುತ್ತಿದ್ದಾರೆ. ಮರೆವಿನ ಕಾಯಿಲೆ, ಶಿಬಿರದ ದಿನಗಳ ಮಾನಸಿಕ ಆಘಾತ, ಪಾರ್ಶ್ವವಾಯು ಇಂಥವುಗಳಿಂದ ಕಲಿಯಲು ಆಗುವುದೇ ಇಲ್ಲವೆಂದರೆ ವೈದ್ಯರು ಎನ್-648 ತುಂಬಿಕೊಡಬಹುದು. ‘ವಯಸ್ಸಾಗಿದೆ’ ಎಂದಷ್ಟೇ ಬರೆದರೆ ತಿರಸ್ಕಾರ. ಯಾವ ಕಾಯಿಲೆ, ಅದರಿಂದ ಕಲಿಕೆ ಹೇಗೆ ಕುಂಠಿತವಾಗಿದೆ ಎಂದು ಬಿಡಿಸಿ ಬರೆಯಬೇಕು.

ಜನ ಪ್ರಶ್ನೆಪಟ್ಟಿ ಉರು ಹೊಡೆದು ಹೋಗುತ್ತಾರೆ, ಬೀಳುವುದು ಬೇರೆ ಕಡೆ. ಅರ್ಜಿಯಲ್ಲಿರುವ ‘ಹ್ಯಾವ್ ಯು ಎವರ್’ ಪ್ರಶ್ನೆಗಳು. ನೀವು ಯಾವತ್ತಾದರೂ ಯಾರಿಗಾದರೂ ಚಿತ್ರಹಿಂಸೆ ಕೊಟ್ಟಿದ್ದೀರಾ, ಸರ್ಕಾರ ಉರುಳಿಸಲು ಹೋಗಿದ್ದೀರಾ, ಭಯೋತ್ಪಾದಕ ಗುಂಪಿನಲ್ಲಿದ್ದಿರಾ. ನಮ್ಮ ತರಗತಿಯ ಒಬ್ಬ ಆಮಾ, ಅಂದರೆ ಅಮ್ಮ, ಮುಗುಳ್ನಕ್ಕು ಎಲ್ಲಕ್ಕೂ ‘ಎಸ್, ಎಸ್’ ಎನ್ನುತ್ತಿದ್ದರು. ದೊಡ್ಡವರು ಕೇಳಿದರೆ ಇಲ್ಲ ಅನ್ನಬಾರದು ಎಂದು ಅಭ್ಯಾಸ. ‘ಆಮಾ, ಬಾಂಬ್ ಹಾಕಿದ್ದೀರಾ ಅಂತ ಕೇಳ್ತಿದ್ದೀನಿ’ ಎಂದು ಹಿಂದಿಯಲ್ಲಿ ಹೇಳಿದಾಗ ‘ಹೇ ಭಗವಾನ್, ಬಾಬು!’ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಇನ್ನೊಂದು ಪ್ರಶ್ನೆ ಇನ್ನೂ ಮೋಸದ್ದು. ಜನರನ್ನು ಸೆರೆಯಲ್ಲಿಡುವ ಕಡೆ, ಜೈಲು, ಪ್ರಿಸನ್ ಕ್ಯಾಂಪ್, ಲೇಬರ್ ಕ್ಯಾಂಪ್ ಇಂಥಲ್ಲಿ ಕೆಲಸ ಮಾಡಿದ್ದೀರಾ ಎಂದು ಕೇಳುತ್ತದೆ. ‘ಕ್ಯಾಂಪ್’ ಎಂಬ ಒಂದೇ ಶಬ್ದ ಇವರ ಕಿವಿಗೆ ಬೀಳುತ್ತದೆ. ಹದಿನೆಂಟು ವರ್ಷ ಕ್ಯಾಂಪಿನಲ್ಲೇ ಇದ್ದೆವಲ್ಲ, ಅಲ್ಲಿನ ಶಾಲೆಯಲ್ಲಿ ಕೆಲಸವೂ ಮಾಡಿದೆವಲ್ಲ, ಎಸ್! ಅಧಿಕಾರಿಯ ಹುಬ್ಬು ಮೇಲೇರುತ್ತದೆ. ರೆಫ್ಯೂಜಿ ಕ್ಯಾಂಪ್ ಬೇರೆ, ಇದು ಬೇರೆ ಎಂದು ಮನೆಯಲ್ಲೇ ಬಿಡಿಸಿ ಹೇಳಿ. ಅರ್ಥವಾಗದಿದ್ದರೆ ‘ಪ್ಲೀಸ್ ರಿಪೀಟ್’ ಅನ್ನುವುದನ್ನು ಮೊದಲ ಪಾಠವಾಗಿ ಕಲಿಸಿ. ನಾವು ಅದನ್ನೇ ಕಲಿಸುತ್ತೇವೆ, ಜಾರ್ಜ್ ವಾಷಿಂಗ್ಟನ್ ಆಮೇಲೆ.

ಮಕ್ಕಳ ಲೆಕ್ಕ, ಪ್ರಮಾಣದ ದಿನ

ಅಪ್ಪ ಅಥವಾ ಅಮ್ಮ ಪೌರರಾದ ದಿನ, 18 ತುಂಬಿರದ ಮಗು ಅವರ ಜೊತೆ ವಾಸವಿದ್ದು, ಅವರ ಪಾಲನೆಯಲ್ಲಿದ್ದು, ಗ್ರೀನ್ ಕಾರ್ಡ್ ಹೊಂದಿದ್ದರೆ ಮಗುವೂ ತಾನಾಗಿ ಪೌರ. ಪರೀಕ್ಷೆಯಿಲ್ಲ, ಎನ್-400 ಇಲ್ಲ. ಮಗುವಿಗೂ ಗ್ರೀನ್ ಕಾರ್ಡ್ ಇರಲೇಬೇಕು ಅನ್ನುವುದನ್ನು ಗಮನಿಸಿ, ದೊಡ್ಡವರಿಗೆ ಮಾತ್ರ ಮಾಡಿಸಿ ಮಗುವಿನದು ಮರೆತವರಿದ್ದಾರೆ. 17 ವರ್ಷದ ಮಗಳಿದ್ದ ಒಬ್ಬರು ಓವರ್‌ಟೈಮ್ ಮುಗಿಯಲಿ, ದಸರಾ ಮುಗಿಯಲಿ ಎಂದು ತಳ್ಳುತ್ತ ಹೋದರು. ಅವರ ಪ್ರಮಾಣವಚನದ ದಿನಕ್ಕೆ ಮಗಳಿಗೆ 18 ತುಂಬಿ ಮೂರು ವಾರ. ಅವಳು ತಾನೇ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಪರೀಕ್ಷೆ ಬರೆದಳು.

ಇಂಟರ್‌ವ್ಯೂ ಪಾಸಾದರೂ ಪ್ರಮಾಣ ಮಾಡುವ ತನಕ ನೀವು ಪೌರರಲ್ಲ. ಆ ನಡುವೆ ವೋಟು ಹಾಕಬೇಡಿ. ಪ್ರಮಾಣದ ದಿನ ಬಾಗಿಲಲ್ಲೇ ಗ್ರೀನ್ ಕಾರ್ಡ್ ವಾಪಸ್ ತೆಗೆದುಕೊಳ್ಳುತ್ತಾರೆ. ಆಮಾ ಕೊಡಲು ಒಪ್ಪಲಿಲ್ಲ. ಅಷ್ಟು ವರ್ಷ ಸೀರೆಯ ಗಂಟಿನಲ್ಲಿಟ್ಟುಕೊಂಡಿದ್ದ ಕಾರ್ಡು. ಪ್ರಮಾಣಪತ್ರ ಕೈಗೆ ಬರುವ ತನಕ ಕೊಡುವುದಿಲ್ಲ ಎಂದು ಹಟ ಹಿಡಿದರು, ಸರದಿ ನಿಂತಿತು, ಮಗ ಬಂದು ಸಮಾಧಾನ ಹೇಳಬೇಕಾಯಿತು. ನೀವು ಹಿಂದಿನ ದಿನವೇ ಅದರ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಪ್ರಮಾಣಪತ್ರ ಕೊಟ್ಟ ಕೂಡಲೇ, ಅಲ್ಲಿಂದ ಏಳುವ ಮುಂಚೆ, ಹೆಸರಿನ ಅಕ್ಷರ ಮತ್ತು ಹುಟ್ಟಿದ ದಿನ ಓದಿ ನೋಡಿ. ತಪ್ಪಿದ್ದರೆ ಅಲ್ಲೇ ಹೇಳಿ, ಆಮೇಲೆ ತಿದ್ದಿಸಲು ಇನ್ನೊಂದು ಅರ್ಜಿ. ನಂತರ ಪಾಸ್‌ಪೋರ್ಟ್, ಸೋಷಿಯಲ್ ಸೆಕ್ಯುರಿಟಿ ಕಚೇರಿ, ಮತದಾರರ ಪಟ್ಟಿ, ಈ ಕ್ರಮದಲ್ಲಿ.